ಲೂಥರನ್ ಸಭೆಯಲ್ಲಿ ಪ್ರಸಂಗ ಸಿದ್ಧಪಡಿಸುವುದು ಹೇಗೆ? ಸೋಮವಾರದಿಂದ ಭಾನುವಾರದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಸಭಾಪಾಲಕರು ಊರಿನಲ್ಲಿಲ್ಲದ ಭಾನುವಾರ ಪ್ರಸಂಗದ (ಆರಾಧನೆಯಲ್ಲಿ ಕೊಡುವ ಧರ್ಮೋಪದೇಶದ) ಹೊಣೆ ಸಭೆಯ ಹಿರಿಯರೊಬ್ಬರ ಮೇಲೋ ಯುವಜನ ಸಂಘದ ಕಾರ್ಯದರ್ಶಿಯ ಮೇಲೋ ಬೀಳುತ್ತದೆ. ಅವರು ವಾರವಿಡೀ ಕಷ್ಟಪಡುತ್ತಾರೆ. ವ್ಯಾಖ್ಯಾನ ಗ್ರಂಥಗಳನ್ನು ತಿರುವಿ ಹಾಕುತ್ತಾರೆ, ಎರಡು ಕಥೆ ಹುಡುಕಿ ಸೇರಿಸುತ್ತಾರೆ. ಆದರೆ ಯಾವ ವಾಕ್ಯಭಾಗ ಕೊಟ್ಟರೂ ಪ್ರಸಂಗ ಬಂದು ನಿಲ್ಲುವುದು ಒಂದೇ ಕಡೆ: 'ಆದ್ದರಿಂದ ಪ್ರಿಯರೇ, ಇನ್ನು ಮುಂದೆ ನಾವು ಹೀಗಿರಬೇಕು.'

ಇದಕ್ಕೆ ಶ್ರದ್ಧೆಯ ಕೊರತೆ ಕಾರಣವಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುವುದು ಕಾರಣ. ವಾಕ್ಯವನ್ನು ಓದುವ ಮೊದಲೇ 'ಇದರಿಂದ ನಾವು ಕಲಿಯುವ ಪಾಠವೇನು' ಎಂದು ಹುಡುಕುತ್ತಾರೆ. ದೇವರು ಏನು ಮಾಡಿದ್ದಾರೆ ಎಂಬ ಪ್ರಶ್ನೆ ಶನಿವಾರ ರಾತ್ರಿ, ಸಮಯವಿದ್ದರೆ, ನೆನಪಾಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಂತಗಳನ್ನು ಅದಲುಬದಲು ಮಾಡಿದವರು ಮತ್ತೆ ಅದೇ 'ಹೀಗಿರಬೇಕು'ಗೆ ಬಂದು ನಿಲ್ಲುತ್ತಾರೆ.

ಉದಾಹರಣೆಗೆ ಉದ್ದಕ್ಕೂ ಒಂದೇ ವಾಕ್ಯಭಾಗವನ್ನು ಬಳಸುತ್ತೇನೆ: ಲೂಕ 18:9-14, ಫರಿಸಾಯನೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನು) ಸುಂಕದವನೂ (ತೆರಿಗೆ ವಸೂಲಿಗಾರ) ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಸುಲಭವೆಂದು ಎಲ್ಲರೂ ಆರಿಸಿಕೊಳ್ಳುವ ಭಾಗ ಇದು. ಅತಿ ಹೆಚ್ಚು ಜನ ಎಡವುವುದೂ ಇಲ್ಲಿಯೇ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಸತ್ಯವೇದದ ಎರಡು ಕನ್ನಡ ಅನುವಾದಗಳು ಬೇಕು: ಸಭೆಯಲ್ಲಿ ಓದುವ ಹಳೆಯದು ಒಂದು, ಆಡುಮಾತಿಗೆ ಹತ್ತಿರವಿರುವ ಹೊಸದು ಒಂದು. ಲೂಥರನ ಚಿಕ್ಕ ಕ್ಯಾಟಿಕಿಸಂ (ನಂಬಿಕೆಯ ಮೂಲಪಾಠಗಳ ಕೈಪಿಡಿ), ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ (ಲೂಥರನ್ ಸಭೆಗಳ ಮೂಲ ನಂಬಿಕೆಗಳ ಹೇಳಿಕೆ), ನಿಮ್ಮ ಸಭೆಯ ಆರಾಧನಾ ಕ್ರಮದ ಪುಸ್ತಕ ಮೇಜಿನ ಮೇಲಿರಲಿ. ಜೊತೆಗೆ ಒಂದು ನೋಟ್‌ಪುಸ್ತಕ, ಎರಡು ಬಣ್ಣದ ಪೆನ್ನು, ಧ್ವನಿ ಮುದ್ರಿಸಿಕೊಳ್ಳಲು ಮೊಬೈಲ್. ವ್ಯಾಖ್ಯಾನ ಗ್ರಂಥವಿದ್ದರೆ ಒಳ್ಳೆಯದು. ಆದರೆ ಬುಧವಾರದವರೆಗೆ ಅದನ್ನು ತೆರೆಯಬೇಡಿ.

ಇನ್ನೊಂದು ಬೇಕು, ಅದು ಪುಸ್ತಕವಲ್ಲ: ಸಭಾಪಾಲಕರ ಅನುಮತಿ. 1530ರ ಆಗ್ಸ್‌ಬರ್ಗ್ ಪ್ರಕಟಣೆಯ 14ನೇ ವಿಧಿಯ ಪ್ರಕಾರ, ಕ್ರಮಬದ್ಧವಾಗಿ ಕರೆಯಲ್ಪಡದೆ ಯಾರೂ ಸಭೆಯಲ್ಲಿ ಬಹಿರಂಗವಾಗಿ ಬೋಧಿಸಬಾರದು, ದೀಕ್ಷಾಸ್ನಾನ, ಕರ್ತನ ರಾತ್ರಿಭೋಜನದಂಥ ಸಂಸ್ಕಾರಗಳನ್ನು ನಡೆಸಬಾರದು. ಕೆಲವು ಸಭೆಗಳಲ್ಲಿ ಹಿರಿಯರು ತಾವೇ ಬರೆದದ್ದನ್ನು ಸಭಾಪಾಲಕರಿಗೆ ತೋರಿಸಿ ಓದುತ್ತಾರೆ. ಕೆಲವು ಕಡೆ ಸಭಾಪಾಲಕರು ಬರೆದುಕೊಟ್ಟದ್ದನ್ನು ಮಾತ್ರ ಓದಬಹುದು. ನಿಮ್ಮಲ್ಲಿ ಯಾವುದು ರೂಢಿ ಎಂದು ಮೊದಲೇ ಕೇಳಿಕೊಳ್ಳಿ. ಎಲ್ಲ ಬರೆದಾದ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ.

## ಹಂತ 1: ಯಾವ ವಾಕ್ಯಭಾಗ ಎಂದು ಖಚಿತಪಡಿಸಿಕೊಳ್ಳಿ (ಸೋಮವಾರ)

ಮನಸ್ಸಿಗೆ ಬಂದ ವಾಕ್ಯವನ್ನು ತೆಗೆದುಕೊಳ್ಳಬೇಡಿ, ಆ ಭಾನುವಾರಕ್ಕೆ ನಿಗದಿಯಾದ ಪಾಠವನ್ನೇ ತೆಗೆದುಕೊಳ್ಳಿ. ನಾವೇ ಆರಿಸಿಕೊಂಡರೆ, ಮೊದಲೇ ಹೇಳಬೇಕೆಂದಿದ್ದ ಮಾತಿಗೆ ಹೊಂದುವ ವಾಕ್ಯವನ್ನೇ ಆರಿಸಿಕೊಳ್ಳುತ್ತೇವೆ. ಕಳೆದ ವಾರ ಸಭಾ ಸಮಿತಿಯಲ್ಲಿ ಜಗಳವಾಗಿದ್ದರೆ ಈ ವಾರದ ಪ್ರಸಂಗ ನಾಲಿಗೆಯನ್ನು ಕುರಿತದ್ದೇ ಆಗಿರುತ್ತದೆ.

ಪಾಠಪಟ್ಟಿಯಲ್ಲಿ ಎರಡು ಬಗೆಗಳಿವೆ. ಹಳೆಯ ಒಂದು ವರ್ಷದ ಪಟ್ಟಿಯಲ್ಲಿ ನಮ್ಮ ಸಾಮ್ಯ ಬರುವುದು ತ್ರಯೈಕ್ಯ ಹಬ್ಬದ ನಂತರದ 11ನೇ ಭಾನುವಾರ. ಮೂರು ವರ್ಷದ ಪಟ್ಟಿಯಲ್ಲಿ ಅದು ಲೂಕನ ಸುವಾರ್ತೆಯನ್ನು ಓದುವ ಮೂರನೆಯ ವರ್ಷದಲ್ಲಿ, ಅಕ್ಟೋಬರ್ 23ರಿಂದ 29ರೊಳಗಿನ ಭಾನುವಾರ ಬರುತ್ತದೆ. ಇಲ್ಲಿ ಒಂದು ತೊಡಕಿದೆ. ಅನೇಕ ಸಭೆಗಳು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರವನ್ನು ಸುಧಾರಣಾ ಭಾನುವಾರವಾಗಿ (ಲೂಥರ್ ಆರಂಭಿಸಿದ ಸಭಾ ಸುಧಾರಣೆಯ ನೆನಪಿನ ದಿನವಾಗಿ) ಆಚರಿಸುತ್ತವೆ, ಆಗ ಪಾಠಗಳೇ ಬೇರೆ: ರೋಮಾಪುರ 3:19-28 ಮತ್ತು ಯೋಹಾನ 8:31-36. ಎರಡೂ ಒಂದೇ ದಿನ ಬಿದ್ದರೆ ಯಾವುದನ್ನು ಓದುತ್ತಾರೆ ಎಂದು ಕೇಳಿ. ಪೀಠದಲ್ಲಿ ಒಂದು ಪಾಠ ಓದಿ ನೀವು ಇನ್ನೊಂದರ ಮೇಲೆ ಮಾತನಾಡಿದರೆ ಸಭೆಯವರು ಹೊತ್ತಿಗೆ ಮುಂಚೆಯೇ ಗಡಿಯಾರ ನೋಡಲು ಶುರುಮಾಡುತ್ತಾರೆ.

## ಹಂತ 2: ಕೈಯಿಂದ ಬರೆದುಕೊಳ್ಳಿ, ಕ್ರಿಯಾಪದಗಳನ್ನು ಗುರುತಿಸಿ (ಸೋಮವಾರ, ಮಂಗಳವಾರ)

ಆರು ವಚನಗಳನ್ನೂ ನೋಟ್‌ಪುಸ್ತಕಕ್ಕೆ ಕೈಯಾರೆ ಬರೆಯಿರಿ. ಫೋಟೋ ತೆಗೆಯುವುದು, ಆ್ಯಪ್‌ನಿಂದ ನಕಲು ಮಾಡಿ ಅಂಟಿಸುವುದು ಬೇಡ. ಗೊತ್ತಿರುವ ಭಾಗವನ್ನು ಕಣ್ಣು ಹಾರಿಸಿಕೊಂಡು ಹೋಗುತ್ತದೆ, ಕೈಗೆ ಹಾಗೆ ಹಾರಲು ಬರುವುದಿಲ್ಲ.

ಈಗ ಒಂದು ಬಣ್ಣದಲ್ಲಿ ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಇನ್ನೊಂದು ಬಣ್ಣದಲ್ಲಿ ಅದನ್ನು ಮಾಡಿದವರು ಯಾರು ಎಂದು ಬರೆಯಿರಿ. ಕನ್ನಡದಲ್ಲಿ 'ನಾನು' ಎಂದು ಹೇಳದೆಯೂ ಮಾತು ಮುಗಿಸಬಹುದಾದ್ದರಿಂದ 'ನಾನು'ಗಳನ್ನು ಎಣಿಸಿದರೆ ಲೆಕ್ಕ ತಪ್ಪುತ್ತದೆ, ಕ್ರಿಯಾಪದದ ಕೊನೆಯನ್ನು ನೋಡಿ. ಫರಿಸಾಯನ ಪ್ರಾರ್ಥನೆಯಲ್ಲಿ ಸ್ತೋತ್ರ ಮಾಡುವವನು ಅವನು, ಇತರರಂತಲ್ಲದವನು ಅವನು, ಉಪವಾಸ ಮಾಡುವವನು ಅವನು, ದಶಮಾಂಶ ಕೊಡುವವನು ಅವನು, ಸಂಪಾದಿಸುವವನೂ ಅವನೇ. ದೇವರು ಅಲ್ಲಿ ಕೇಳಿಸಿಕೊಳ್ಳಲಿಕ್ಕಷ್ಟೇ ಇದ್ದಾರೆ. ಸುಂಕದವನ ಪ್ರಾರ್ಥನೆಯಲ್ಲಿ ಇರುವುದು ಒಂದೇ ಕ್ರಿಯೆ, ಅದನ್ನು ಮಾಡಬೇಕಾದವರು ದೇವರು: ಕರುಣಿಸು. ಆಮೇಲೆ 14ನೇ ವಚನ. ಅವನು ನೀತಿವಂತನೆಂದು ನಿರ್ಣಯ ಹೊಂದಿ ಮನೆಗೆ ಹೋದನು. ನಿರ್ಣಯಿಸಿದವರು ಯಾರು? ಹೆಸರು ಹೇಳಿಲ್ಲ, ಆದರೆ ಅವನಂತೂ ಅಲ್ಲ.

ಈ ಎರಡು ಬಣ್ಣದ ಪುಟವೇ ನಿಮ್ಮ ಪ್ರಸಂಗದ ಬೆನ್ನೆಲುಬು. ಇದನ್ನು ಹರಿದು ಹಾಕಬೇಡಿ, ಹತ್ತನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಎಚ್ಚರಿಕೆಯ ಗುರುತು: ಮಂಗಳವಾರವೇ ನಿಮ್ಮ ಬಳಿ ಮೂರು ಅಂಶಗಳ ಶೀರ್ಷಿಕೆ ಸಿದ್ಧವಾಗಿದ್ದರೆ, ಅದರಲ್ಲೂ ಮೂರೂ ಒಂದೇ ಅಕ್ಷರದಿಂದ ಶುರುವಾಗುತ್ತಿದ್ದರೆ, ನೀವು ವಾಕ್ಯವನ್ನು ಇನ್ನೂ ಓದಿಲ್ಲ.

## ಹಂತ 3: ಹಿಂದೆ ಮುಂದೆ ಏನಿದೆ ನೋಡಿ (ಮಂಗಳವಾರ)

ಇಡೀ 18ನೇ ಅಧ್ಯಾಯವನ್ನು ಒಂದೇ ಸಲಕ್ಕೆ ಓದಿ. 9ನೇ ವಚನ ಕೇಳುಗರು ಯಾರೆಂದು ಸ್ಪಷ್ಟವಾಗಿ ಹೇಳುತ್ತದೆ: ತಾವೇ ನೀತಿವಂತರೆಂದು ತಮ್ಮಲ್ಲಿ ಭರವಸೆಯಿಟ್ಟು ಉಳಿದವರನ್ನು ಕಡೆಗಣಿಸುತ್ತಿದ್ದವರು. ಅನೇಕರು ಪ್ರಸಂಗವನ್ನು 10ನೇ ವಚನದಿಂದ ಶುರುಮಾಡಿ ಇದನ್ನು ಬಿಟ್ಟೇ ಬಿಡುತ್ತಾರೆ.

ಸಾಮ್ಯ ಮುಗಿದ ಕೂಡಲೇ ಕೂಸುಗಳನ್ನು ಯೇಸುವಿನ ಬಳಿಗೆ ತರುತ್ತಾರೆ (15-17). ಕೂಸುಗಳ ಕೈಯಲ್ಲಿ ಸಾಧನೆಯ ಪಟ್ಟಿ ಇರುವುದಿಲ್ಲ. ಅದರ ಬೆನ್ನಿಗೇ ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದ್ದೇನೆನ್ನುವ ಐಶ್ವರ್ಯವಂತ ಅಧಿಕಾರಿ ಬಂದು ಯೇಸುವಿನ ಮಾತು ಕೇಳಿ ಬಹಳ ದುಃಖಪಡುತ್ತಾನೆ. ಆಮೇಲೆ 31-33: ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಕರೆದು, ನಾವು ಯೆರೂಸಲೇಮಿಗೆ ಹೋಗುತ್ತಿದ್ದೇವೆ, ಅಲ್ಲಿ ನನ್ನನ್ನು ಕೊಲ್ಲುವರು, ಮೂರನೆಯ ದಿನ ಏಳುವೆನು ಎನ್ನುತ್ತಾರೆ. ಈ ವಚನಗಳ ಪಕ್ಕದಲ್ಲಿ ನಕ್ಷತ್ರ ಹಾಕಿಡಿ. ಸಾಮ್ಯದಲ್ಲಿ ಸುವಾರ್ತೆ ಎಲ್ಲಿದೆ ಎಂದು ಗುರುವಾರ ತಡಕಾಡುವಾಗ ಇದು ಕೈ ಹಿಡಿಯುತ್ತದೆ.

## ಹಂತ 4: ಆ ಕಾಲದ ಸಂಗತಿಗಳನ್ನು ತಿಳಿದುಕೊಳ್ಳಿ, ಆದರೆ ಮಿತಿಯಲ್ಲಿ (ಬುಧವಾರ)

ಈಗ ವ್ಯಾಖ್ಯಾನ ಗ್ರಂಥ ತೆರೆಯಬಹುದು. ನಿಮಗೆ ಬೇಕಾದದ್ದು ಎರಡು ಮೂರು ಸಂಗತಿಗಳು ಮಾತ್ರ.

ಮೋಶೆಯ ಧರ್ಮಶಾಸ್ತ್ರ ಎಲ್ಲರಿಗೂ ವಿಧಿಸಿದ್ದು ವರ್ಷಕ್ಕೆ ಒಂದು ದಿನದ ಉಪವಾಸ, ದೋಷಪರಿಹಾರಕ ದಿನದಂದು (ಯಾಜಕಕಾಂಡ 16). ಈತ ವಾರಕ್ಕೆ ಎರಡು ಸಲ ಮಾಡುತ್ತಾನೆ. ದಶಮಾಂಶವನ್ನು ಹೇಳಿದ್ದು ಹೊಲದ ಬೆಳೆಗೆ, ಹಿಂಡಿಗೆ. ಈತ ಸಂಪಾದಿಸಿದ ಎಲ್ಲದರಲ್ಲೂ ಕೊಡುತ್ತಾನೆ. ಅಂದರೆ ಫರಿಸಾಯ ಕಪಟಿಯಲ್ಲ. ಹೇಳಿದ್ದನ್ನೆಲ್ಲ ನಿಜವಾಗಿ ಮಾಡುವವನು, ಯಾವ ಸಭೆಗೂ ಬೇಕಾದ ಮನುಷ್ಯ. ನಮ್ಮಲ್ಲಿ ಇದ್ದಿದ್ದರೆ ಖಜಾಂಚಿ ಮಾಡುತ್ತಿದ್ದೆವು. ಅವನನ್ನು ನಾಟಕದ ಖಳನನ್ನಾಗಿ ಮಾಡಿದ ಕ್ಷಣ ಸಾಮ್ಯ ಸತ್ತುಹೋಗುತ್ತದೆ, ಏಕೆಂದರೆ ಖಳನಲ್ಲಿ ಯಾರೂ ತಮ್ಮನ್ನು ಕಾಣುವುದಿಲ್ಲ.

ಸುಂಕದವನನ್ನು ಬರೀ ಬಡಪಾಯಿ ಮಾಡುವುದು ಇದರ ಜೋಡಿ ತಪ್ಪು. ಅವನು ಪರರ ಆಳ್ವಿಕೆಗಾಗಿ ವಸೂಲಿಗೆ ನಿಂತವನು. ನೇಮಕವಾದದ್ದಕ್ಕಿಂತ ಹೆಚ್ಚು ಕೀಳಬೇಡಿ ಎಂದು ಸ್ನಾನಿಕನಾದ ಯೋಹಾನ ಇಂಥವರಿಗೇ ಹೇಳಬೇಕಾಗಿತ್ತು (ಲೂಕ 3:13). ಸಾಲದ ಕಂತು ತಪ್ಪಿದ ಹೆಂಗಸಿನ ಮನೆ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಬೈಯುವ ವಸೂಲಿಗಾರನನ್ನು ನೆನೆಸಿಕೊಳ್ಳಿ. ಅಂಥವನು ಭಾನುವಾರ ಹಿಂದಿನ ಬೆಂಚಿನಲ್ಲಿ ಬಂದು ಕುಳಿತರೆ ಸಭೆಗೆ ಹೇಗನ್ನಿಸುತ್ತದೋ ಯೇಸುವಿನ ಕೇಳುಗರಿಗೂ ಹಾಗೆಯೇ ಅನ್ನಿಸಿತ್ತು.

ಸಾಮ್ಯದಲ್ಲಿಲ್ಲದ್ದನ್ನು ಸೇರಿಸಬೇಡಿ. 'ಅವನು ಮನೆಗೆ ಹೋಗಿ ಕೆಲಸ ಬಿಟ್ಟ, ಕಸಿದದ್ದನ್ನೆಲ್ಲ ಹಿಂದಿರುಗಿಸಿದ' ಎಂದು ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಿಂದಿರುಗಿಸುವ ಮಾತು ಮುಂದಿನ ಅಧ್ಯಾಯದಲ್ಲಿ ಬರುವ ಇನ್ನೊಬ್ಬ ಸುಂಕದವನಾದ ಜಕ್ಕಾಯನದ್ದು, ಈ ಮನುಷ್ಯನದ್ದಲ್ಲ. ಇವನು ಏನನ್ನೂ ವಾಗ್ದಾನ ಮಾಡಲಿಲ್ಲ. ನಮಗೆ ಇರಿಸುಮುರಿಸಾಗುವುದೂ ಅದಕ್ಕೇ, ಯೇಸು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ನೀವೂ ಬಿಡಿ.

ಇನ್ನೊಂದು ಗಂಭೀರ ಎಚ್ಚರಿಕೆ. ಫರಿಸಾಯನನ್ನು ಇಡೀ ಯೆಹೂದ್ಯ ಜನಾಂಗದ ಪ್ರತಿನಿಧಿಯಾಗಿ ನಿಲ್ಲಿಸಬೇಡಿ. ಸುಂಕದವನೂ ಯೆಹೂದ್ಯನೇ, ಕಥೆ ಹೇಳಿದವರೂ ಯೆಹೂದ್ಯರೇ. ಲೂಥರನ್ ಬೋಧಕರಿಗೆ ಈ ಜಾಗ್ರತೆ ಎರಡು ಪಟ್ಟು ಬೇಕು: 1543ರಲ್ಲಿ ಲೂಥರ್ ಯೆಹೂದ್ಯರ ವಿರುದ್ಧ ಬರೆದ ಕಟು ಬರಹಗಳನ್ನು ಅಮೆರಿಕದ ಎವಾಂಜೆಲಿಕಲ್ ಲೂಥರನ್ ಸಭೆ 1994ರಲ್ಲಿ ಬಹಿರಂಗವಾಗಿ ತಿರಸ್ಕರಿಸಬೇಕಾಯಿತು.

## ಹಂತ 5: ಧರ್ಮಶಾಸ್ತ್ರ ಎಲ್ಲಿ ಚುಚ್ಚುತ್ತದೆ ಎಂದು ಹುಡುಕಿ (ಬುಧವಾರ ಸಂಜೆ)

ಲೂಥರನ್ ಓದಿನ ತಿರುಳು ಇಲ್ಲಿದೆ. ವಾಕ್ಯದಲ್ಲಿ ದೇವರು ನಮ್ಮಿಂದ ಕೇಳುವುದು, ನಮ್ಮನ್ನು ದೋಷಿಗಳೆಂದು ತೋರಿಸುವುದು ಧರ್ಮಶಾಸ್ತ್ರ. ಕ್ರಿಸ್ತನ ನಿಮಿತ್ತ ದೇವರು ನಮಗೆ ಉಚಿತವಾಗಿ ಕೊಡುವುದು ಸುವಾರ್ತೆ. ಎರಡೂ ದೇವರ ಮಾತೇ, ಎರಡೂ ಹಳೆಯ ಹೊಸ ಒಡಂಬಡಿಕೆಗಳೆರಡರಲ್ಲೂ ಇವೆ. ಹಳೆಯದರಲ್ಲಿ ಧರ್ಮಶಾಸ್ತ್ರ, ಹೊಸದರಲ್ಲಿ ಸುವಾರ್ತೆ ಎಂದು ಪುಟ ಎಣಿಸಿ ಭಾಗ ಮಾಡುವವರು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿರುತ್ತಾರೆ. 1518ರ ಹೈಡೆಲ್‌ಬರ್ಗ್ ವಾದದಲ್ಲಿ (ದೇವಶಾಸ್ತ್ರದ ಬಹಿರಂಗ ಚರ್ಚೆಯಲ್ಲಿ) ಲೂಥರ್ ಹೇಳಿದ್ದರ ಸಾರ ಇದು: 'ಇದನ್ನು ಮಾಡು' ಎಂದು ಧರ್ಮಶಾಸ್ತ್ರ ಹೇಳುತ್ತದೆ, ಅದು ಎಂದಿಗೂ ಆಗುವುದಿಲ್ಲ. 'ಇವರನ್ನು ನಂಬು' ಎಂದು ಕೃಪೆ ಹೇಳುತ್ತದೆ, ಎಲ್ಲವೂ ಆಗಲೇ ಆಗಿರುತ್ತದೆ.

ನಮ್ಮ ವಾಕ್ಯಭಾಗದಲ್ಲಿ ಧರ್ಮಶಾಸ್ತ್ರ ಚುಚ್ಚುವುದು ಕಳ್ಳತನವನ್ನಲ್ಲ, ವ್ಯಭಿಚಾರವನ್ನೂ ಅಲ್ಲ. ಅವನ್ನು ಮಾಡುವುದಿಲ್ಲವೆಂದು ಫರಿಸಾಯನೇ ಹೇಳಿದ್ದಾನೆ. ಅದು ಚುಚ್ಚುವುದು ಅವನ ಒಳ್ಳೆಯ ಕೆಲಸಗಳ ಪಟ್ಟಿಯನ್ನು ಮತ್ತು ಪಕ್ಕದವನ ಕಡೆ ಅವನು ಬೀರಿದ ನೋಟವನ್ನು. ಹಾಗಾದರೆ ನಮ್ಮ ಸಭೆಯಲ್ಲಿ ಆ ಪಟ್ಟಿ ಹೇಗಿರುತ್ತದೆ? 'ನಾವು ನಾಲ್ಕು ತಲೆಮಾರಿನ ಕ್ರೈಸ್ತರು.' 'ಈ ಗಂಟೆಯನ್ನು ಕೊಡಿಸಿದ್ದು ನಮ್ಮ ತಾತ.' 'ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಒಂದು ದಿನವೂ ತಪ್ಪಿಲ್ಲ.' 'ಆ ಪಂಗಡದವರ ಹಾಗೆ ನಾವು ಕೂಗಾಡುವುದಿಲ್ಲ, ನಮಗೆ ಸರಿಯಾದ ಉಪದೇಶವಿದೆ.' ಕೊನೆಯದನ್ನು ಬರೆಯುವಾಗ ನಿಮಗೇ ಸ್ವಲ್ಪ ನೋವಾಗಬೇಕು. ಸುಧಾರಣಾ ಭಾನುವಾರವೇ ಈ ಪ್ರಸಂಗ ಬಂದರಂತೂ ಅದನ್ನು ಬಿಡಲೇಬಾರದು.

ಇಂಥ ವಿವರಗಳು ಹೊಳೆಯದಿದ್ದರೆ ಚಿಕ್ಕ ಕ್ಯಾಟಿಕಿಸಂನಲ್ಲಿ ಪಾಪ ಅರಿಕೆಯ ಭಾಗವನ್ನು ತೆರೆಯಿರಿ. ಹತ್ತು ಆಜ್ಞೆಗಳ ಬೆಳಕಿನಲ್ಲಿ ನಿನ್ನ ಸ್ಥಾನವನ್ನು ನೋಡಿಕೋ ಎನ್ನುತ್ತದೆ ಅದು: ನೀನು ತಂದೆಯೋ ತಾಯಿಯೋ, ಮಗನೋ ಮಗಳೋ, ಯಜಮಾನನೋ ಕೆಲಸದವನೋ? ಬೆಂಚುಗಳಲ್ಲಿ ಕೂರುವವರನ್ನು ಅವರವರ ಸ್ಥಾನದಲ್ಲಿ ನೆನೆಸಿಕೊಂಡು ಈ ಪ್ರಶ್ನೆ ಕೇಳಿ, ಮೊದಲು ನಿಮಗೇ ಕೇಳಿಕೊಳ್ಳಿ. ಒಂದು ಸಣ್ಣ ತೊಡಕು: ಲೂಥರನ್ ಕ್ಯಾಟಿಕಿಸಂನಲ್ಲಿ ಸುಳ್ಳುಸಾಕ್ಷಿಯ ಆಜ್ಞೆ ಎಂಟನೆಯದು, ಬೇರೆ ಅನೇಕ ಸಭೆಗಳ ಎಣಿಕೆಯಲ್ಲಿ ಒಂಬತ್ತನೆಯದು. ಸಭೆಗೆ ಅತಿಥಿಗಳು ಬಂದಿದ್ದರೆ ಸಂಖ್ಯೆ ಹೇಳದೆ ಆಜ್ಞೆಯನ್ನೇ ಹೇಳಿ.

ಈ ಹಂತದಲ್ಲಿ ಪ್ರಸಂಗ ಕೆಡುವ ಬಗೆಗಳು ಹಲವು. ಬಾರದವರನ್ನು ಬೈಯುವುದು ಒಂದು. ಟಿವಿ ಧಾರಾವಾಹಿ, ಇಂದಿನ ಯುವಜನ, ಪಟ್ಟಣದ ಅನಾಚಾರ ಎಲ್ಲಕ್ಕೂ ಏಟು ಬೀಳುತ್ತದೆ, ಎದುರಿಗೆ ಕುಳಿತವರಿಗೆ ಮಾತ್ರ ಏನೂ ತಾಕುವುದಿಲ್ಲ. ಐವತ್ತು ಕುಟುಂಬಗಳ ಸಭೆಯಲ್ಲಿ 'ಒಬ್ಬ ಸಹೋದರರು ಇದ್ದಾರೆ, ಹೆಸರು ಹೇಳುವುದಿಲ್ಲ' ಎಂದು ಶುರುಮಾಡುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಹೆಸರು ಹೇಳಬೇಕಾಗಿಯೇ ಇರುವುದಿಲ್ಲ. 'ನಾವೆಲ್ಲರೂ ಅಲ್ಪಸ್ವಲ್ಪ ತಪ್ಪು ಮಾಡುವವರೇ' ಎಂದು ನಗುತ್ತ ಮುಗಿಸುವುದು ಇನ್ನೊಂದು ತುದಿ. ಧರ್ಮಶಾಸ್ತ್ರವನ್ನು ಪಾಲಿಸಬಹುದಾದಷ್ಟು ಸಣ್ಣದು ಮಾಡಿದರೆ ಫರಿಸಾಯನ ಕೈಗೆ ಇನ್ನೊಂದು ಪಟ್ಟಿ ಕೊಟ್ಟ ಹಾಗೆ.

## ಹಂತ 6: ಸುವಾರ್ತೆಯನ್ನು ಹುಡುಕಿ (ಗುರುವಾರ)

ಹೆಚ್ಚಿನ ಪ್ರಸಂಗಗಳು ಮುರಿದು ಬೀಳುವುದು ಇಲ್ಲಿ, ಅದೂ ಯಾರಿಗೂ ಗೊತ್ತಾಗದ ಹಾಗೆ. ಈ ಭಾಗವನ್ನು ನೋಡಿ:

*'ಪ್ರಿಯರೇ, ಸುಂಕದವನು ತನ್ನನ್ನು ತಗ್ಗಿಸಿಕೊಂಡನು. ಆದ್ದರಿಂದ ದೇವರು ಅವನನ್ನು ಮೆಚ್ಚಿದರು. ನಾವೂ ಅವನಂತೆ ದೀನರಾಗಬೇಕು, ಅಹಂಕಾರವನ್ನು ಬಿಡಬೇಕು. ಆಗ ದೇವರು ನಮ್ಮ ಪ್ರಾರ್ಥನೆಯನ್ನೂ ಕೇಳುವರು.'*

ಕೇಳಲು ಹಿತವಾಗಿದೆ, ತಲೆದೂಗುವವರೂ ಇರುತ್ತಾರೆ. ಆದರೆ ಇದರಲ್ಲಿ ಸುವಾರ್ತೆ ಒಂದು ಹನಿಯೂ ಇಲ್ಲ. ಉಪವಾಸದ ಜಾಗದಲ್ಲಿ ದೀನತೆಯನ್ನು ಇಟ್ಟಿದ್ದಾರೆ, ಅಷ್ಟೇ. ದೀನತೆಯೇ ಹೊಸ ದಶಮಾಂಶವಾಗಿದೆ. ಇದನ್ನು ಕೇಳಿದ ಸಭೆ 'ದೇವರೇ, ನಾನು ಆ ಫರಿಸಾಯನಂತಲ್ಲ, ಅದಕ್ಕಾಗಿ ಸ್ತೋತ್ರ' ಎಂದುಕೊಂಡು ಮನೆಗೆ ಹೋಗುತ್ತದೆ. ಇತ್ತ, ತನ್ನ ದೀನತೆ ಸಾಕಷ್ಟಿಲ್ಲವೇನೋ ಎಂದು ಮೊದಲೇ ನರಳುತ್ತಿದ್ದ ಒಬ್ಬ ತಾಯಿ ಇನ್ನಷ್ಟು ಕುಗ್ಗಿ ಹೋಗುತ್ತಾರೆ. ಅಮೆರಿಕದ ಲೂಥರನ್ ಬೋಧಕ ಸಿ. ಎಫ್. ಡಬ್ಲ್ಯು. ವಾಲ್ಥರ್ 1884-85ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದ 25 ಸೂತ್ರಗಳಲ್ಲಿ ಇದೂ ಒಂದು: ಪಾಪದ ಭಯದಿಂದ ಆಗಲೇ ನಡುಗುತ್ತಿರುವವರಿಗೆ ಧರ್ಮಶಾಸ್ತ್ರವನ್ನು, ಪಾಪದಲ್ಲಿ ನಿಶ್ಚಿಂತರಾಗಿರುವವರಿಗೆ ಸುವಾರ್ತೆಯನ್ನು ಸಾರಿದರೆ ವಾಕ್ಯವನ್ನು ಸರಿಯಾಗಿ ವಿಭಾಗಿಸಿದಂತಲ್ಲ.

ಪರೀಕ್ಷೆ ಸರಳ. ನಿಮ್ಮ ಟಿಪ್ಪಣಿಯಿಂದ ಶಿಲುಬೆಯನ್ನು ತೆಗೆದುಹಾಕಿ ಓದಿ. ಪ್ರಸಂಗ ಅಲ್ಲಾಡದೆ ನಿಂತರೆ ಅದು ನೀತಿಪಾಠ. ಶಾಲೆಯ ವಾರ್ಷಿಕೋತ್ಸವಕ್ಕೆ ಕೊಡಬಹುದು, ಪ್ರಸಂಗಪೀಠಕ್ಕೆ ಬೇಡ.

ಹಾಗಾದರೆ ಈ ಸಾಮ್ಯದಲ್ಲಿ ಕ್ರಿಸ್ತ ಎಲ್ಲಿ? ಮೊದಲು 14ನೇ ವಚನದ 'ನಿಮಗೆ ಹೇಳುತ್ತೇನೆ' ಎಂಬಲ್ಲಿ. ದೇವರ ತೀರ್ಪನ್ನು ಬಾಯಿಬಿಟ್ಟು ಘೋಷಿಸುವ ಅಧಿಕಾರ ತನಗಿದೆ ಎಂಬಂತೆ ಯೇಸು ಮಾತನಾಡುತ್ತಾರೆ. ಎರಡನೆಯದು, ನೀವು ನಕ್ಷತ್ರ ಹಾಕಿಟ್ಟ 31-33. ಆ ತೀರ್ಪಿಗೆ ಬೆಲೆ ತೆರಲು ಅವರು ಅದೇ ಯೆರೂಸಲೇಮಿಗೆ ನಡೆಯುತ್ತಿದ್ದಾರೆ. ಮೂರನೆಯದು ಬಹಳ ಮಂದಿ ಗಮನಿಸದ ಒಂದು ಕೊಂಡಿ. ಸುಂಕದವನು ಎದೆ ಬಡಿದುಕೊಂಡನು. ಹೊಸ ಒಡಂಬಡಿಕೆಯಲ್ಲಿ ಎದೆ ಬಡಿದುಕೊಳ್ಳುವ ಮಾತು ಮತ್ತೆ ಬರುವುದು ಲೂಕ 23:48ರಲ್ಲಿ, ಶಿಲುಬೆಯ ಬಳಿ ನೆರೆದಿದ್ದ ಜನ ನಡೆದದ್ದನ್ನು ಕಂಡು ಹಿಂದಿರುಗುವಾಗ. ಈ ಮೂರರ ಪಕ್ಕದಲ್ಲಿ ರೋಮಾಪುರ 3:24-25 ಇಡಿ, ಆಗ್ಸ್‌ಬರ್ಗ್ ಪ್ರಕಟಣೆಯ 4ನೇ ವಿಧಿಯನ್ನು ಓದಿ: ಮನುಷ್ಯರು ತಮ್ಮ ಸ್ವಂತ ಬಲ, ಯೋಗ್ಯತೆ, ಕ್ರಿಯೆಗಳಿಂದಲ್ಲ, ಕ್ರಿಸ್ತನ ನಿಮಿತ್ತ ನಂಬಿಕೆಯ ಮೂಲಕ ಉಚಿತವಾಗಿ ನೀತಿವಂತರೆಂದು ಎಣಿಸಲ್ಪಡುತ್ತಾರೆ.

ಈಗ ಮೇಲಿನ ಭಾಗವನ್ನು ಹೀಗೆ ಬರೆಯಬಹುದು:

*'ಆ ಮನುಷ್ಯನ ಬಳಿ ದೇವರ ಮುಂದೆ ಇಡಲು ಒಂದು ಒಳ್ಳೆಯ ದಿನವೂ ಇರಲಿಲ್ಲ. ತೀರ್ಪು ಅವನ ಪರವಾಗಿ ಬಂತು. ಆ ತೀರ್ಪನ್ನು ಹೇಳಿದ ಕರ್ತನು ಆಗ ಯೆರೂಸಲೇಮಿನ ದಾರಿಯಲ್ಲಿದ್ದರು, ಅವನ ಲೆಕ್ಕವನ್ನೂ ನಿಮ್ಮ ಲೆಕ್ಕವನ್ನೂ ತಮ್ಮ ಮೇಲೆ ಹಾಕಿಕೊಳ್ಳಲು ಹೋಗುತ್ತಿದ್ದರು. ಹಾಕಿಕೊಂಡರು. ತೀರಿಸಿದರು. ಆದ್ದರಿಂದ ಕ್ರಿಸ್ತನ ನಿಮಿತ್ತ ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ. ಇವತ್ತು ನೀತಿವಂತರಾಗಿ ಮನೆಗೆ ಹೋಗುವವರು ನೀವು.'*

ಎರಡನ್ನೂ ಹೋಲಿಸಿ ನೋಡಿ. ಮೊದಲನೆಯದರಲ್ಲಿ ಸುವಾರ್ತೆಯೆಂಬ ಹೆಸರಿನ ಷರತ್ತಿದೆ, ಎರಡನೆಯದರಲ್ಲಿ ಸುದ್ದಿಯಿದೆ. ಕರ್ತನ ರಾತ್ರಿಭೋಜನದ ಬಗ್ಗೆ ಕ್ಯಾಟಿಕಿಸಂ ಒತ್ತಿ ಹೇಳುವ ಮಾತು 'ನಿಮಗೋಸ್ಕರ' ಎಂಬುದು. ಅದು ಪ್ರಸಂಗದಲ್ಲೂ ಇರಲಿ. 'ದೇವರು ಪಾಪಿಗಳನ್ನು ಕ್ಷಮಿಸುತ್ತಾರೆ' ಎಂಬುದು ನಿಜ, ಆದರೆ ಕೇಳುಗರು ಅದನ್ನು ಪಕ್ಕದ ಬೆಂಚಿಗೆ ದಾಟಿಸಿಬಿಡಬಹುದು.

## ಹಂತ 7: ಇಡೀ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಬರೆಯಿರಿ (ಗುರುವಾರ ರಾತ್ರಿ)

ಆ ವಾಕ್ಯದ ಕರ್ತೃ ದೇವರಾಗಿರಬೇಕು, ನಾವಲ್ಲ. ಉದಾಹರಣೆ: 'ತೋರಿಸಲು ಏನೂ ಇಲ್ಲದವನನ್ನು ದೇವರು ಕ್ರಿಸ್ತನ ನಿಮಿತ್ತ ನೀತಿವಂತನೆಂದು ಮನೆಗೆ ಕಳುಹಿಸುತ್ತಾರೆ.' ಈ ವಾಕ್ಯಕ್ಕೆ ಹೊಂದದ ಟಿಪ್ಪಣಿಗಳನ್ನೆಲ್ಲ, ಎಷ್ಟೇ ಚೆನ್ನಾಗಿರಲಿ, ಪಕ್ಕಕ್ಕಿಡಿ. ಒಂದು ಗಂಟೆಯಾದರೂ ವಾಕ್ಯ ಕೂಡಿಬರದಿದ್ದರೆ ಎರಡನೇ ಹಂತಕ್ಕೆ ಹಿಂದಿರುಗಿ.

## ಹಂತ 8: ಬರೆಯಿರಿ, ಆಮೇಲೆ 'ಬೇಕು'ಗಳನ್ನು ಬೇಟೆಯಾಡಿ (ಶುಕ್ರವಾರ)

ಮಾತಿನಲ್ಲಿ ಎಷ್ಟೇ ಪಳಗಿದವರಾದರೂ ಪೂರ್ತಿ ಬರೆಯಿರಿ. ಟಿಪ್ಪಣಿ ಮಾತ್ರ ಹಿಡಿದು ನಿಂತವರು ಧರ್ಮಶಾಸ್ತ್ರದ ಭಾಗವನ್ನು ಹತ್ತು ನಿಮಿಷ ಹಿಗ್ಗಿಸಿ, ಸಮಯ ಮೀರಿತೆಂದು ಸುವಾರ್ತೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತಾರೆ. ವಾಲ್ಥರ್ ಅವರ ಕೊನೆಯ ಸೂತ್ರ ಇದಕ್ಕೆ ನೇರ ವಿರುದ್ಧ: ಬೋಧನೆಯಲ್ಲಿ ಒಟ್ಟಾರೆ ಮೇಲುಗೈ ಸುವಾರ್ತೆಯದ್ದಾಗಿರಬೇಕು.

ಕಥೆಯನ್ನು ನಿಮ್ಮ ಬಿಸಿಲು ಮಳೆಯ ಬದುಕಿನಿಂದ ತೆಗೆದುಕೊಳ್ಳಿ, ಒಂದೇ ಸಾಕು. ವಾಟ್ಸ್ಆ್ಯಪ್‌ನಲ್ಲಿ ಬಂದ, ಅಬ್ರಹಾಂ ಲಿಂಕನ್‌ಗೋ ಯಾವುದೋ ಹಡಗಿನ ನಾಯಕನಿಗೋ ನಡೆದದ್ದೆನ್ನುವ ಕಥೆಗಳನ್ನು ದಯವಿಟ್ಟು ಬಿಡಿ. ಇಂಟರ್‌ನೆಟ್‌ನಿಂದ ಇಳಿಸಿದ ಪ್ರಸಂಗದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಅದರೊಳಗೆ 'ಇಷ್ಟು ಕೊಟ್ಟರೆ ಅಷ್ಟು ಬರುತ್ತದೆ' ಎಂಬ ವ್ಯಾಪಾರದ ಉಪದೇಶ ಸದ್ದಿಲ್ಲದೆ ಕುಳಿತಿರುತ್ತದೆ.

ಬರೆದಾದ ಮೇಲೆ ಎರಡು ಬಣ್ಣದ ಪೆನ್ನು ಮತ್ತೆ ತೆಗೆಯಿರಿ. 'ಬೇಕು', 'ಬಾರದು', 'ಮಾಡೋಣ', 'ಇರೋಣ' ಎಂದು ಮುಗಿಯುವ ಪ್ರತಿ ವಾಕ್ಯದ ಕೆಳಗೆ ಕೆಂಪು ಗೆರೆ. ದೇವರು ಕರ್ತೃವಾಗಿ ಏನನ್ನಾದರೂ ಮಾಡಿದ, ಕೊಟ್ಟ, ಹೇಳಿದ ಪ್ರತಿ ವಾಕ್ಯದ ಕೆಳಗೆ ನೀಲಿ. ಪುಟಗಳನ್ನು ನೆಲದ ಮೇಲೆ ಹರಡಿ ದೂರದಿಂದ ನೋಡಿ. ಕೊನೆಯ ಎರಡು ಪುಟ ಕೆಂಪಾಗಿದ್ದರೆ ಪ್ರಸಂಗ ಇನ್ನೂ ತಲೆಕೆಳಗಾಗಿದೆ. 'ನಂಬಬೇಕು' ಎಂಬುದರ ಕೆಳಗೂ ಕೆಂಪು ಗೆರೆಯೇ ಬೀಳಲಿ. ನಂಬಿಕೆಯನ್ನು ಬೇಡಿಕೆಯಾಗಿ ಮುಂದಿಡುವುದು ಬೇರೆ, ನಂಬಲು ಯೋಗ್ಯವಾದ ವಾಗ್ದಾನವನ್ನು ಕಿವಿಗೆ ಹಾಕುವುದು ಬೇರೆ. ನನ್ನ ಸ್ವಂತ ಬುದ್ಧಿಯಿಂದಲೂ ಬಲದಿಂದಲೂ ನಾನು ನಂಬಲಾರೆ, ಪವಿತ್ರಾತ್ಮನು ಸುವಾರ್ತೆಯ ಮೂಲಕ ನನ್ನನ್ನು ಕರೆದನು ಎಂದು ಕ್ಯಾಟಿಕಿಸಂ ವಿಶ್ವಾಸ ಪ್ರಮಾಣದ ಮೂರನೆಯ ವಿಧಿಯನ್ನು ವಿವರಿಸುವಾಗ ಹೇಳುತ್ತದಲ್ಲ.

'ಹಾಗಾದರೆ ಒಳ್ಳೆಯ ಕ್ರಿಯೆಗಳ ಬಗ್ಗೆ ಹೇಳಲೇಬಾರದೇ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೇಳಬೇಕು. ನಂಬಿಕೆ ಒಳ್ಳೆಯ ಫಲವನ್ನು ಕೊಡಲೇಬೇಕೆಂದು ಆಗ್ಸ್‌ಬರ್ಗ್ ಪ್ರಕಟಣೆಯ 6ನೇ ವಿಧಿಯಲ್ಲೇ ಇದೆ. ಅದು ಎಲ್ಲಿ ಬರುತ್ತದೆ ಎಂಬುದು ಮುಖ್ಯ. ತೀರ್ಪು ಕೇಳಿಸಿದ ಮೇಲೆ ಬರಬೇಕು, ತೀರ್ಪಿಗೆ ಷರತ್ತಾಗಿ ಅಲ್ಲ. ನಮ್ಮ ಸಾಮ್ಯದಲ್ಲಾದರೆ, ತನ್ನ ಪಟ್ಟಿಯನ್ನು ಹಿಡಿದು ನಿಲ್ಲುವ ಅಗತ್ಯ ತಪ್ಪಿದವನ ಕೈ ಈಗ ಖಾಲಿಯಿದೆ. ದೂರ ನಿಂತಿದ್ದವನನ್ನು ಬೆಂಚಿನಲ್ಲಿ ಪಕ್ಕಕ್ಕೆ ಕರೆಯಬಹುದು. ಇಂಥ ಒಂದು ಮಾತು ಸಾಕು, ಅದರ ಮೇಲೆ ಇನ್ನೊಂದು ಪ್ರಸಂಗ ಕಟ್ಟಬೇಡಿ.

## ಹಂತ 9: ಗಟ್ಟಿಯಾಗಿ ಓದಿ, ಇನ್ನೊಬ್ಬರಿಗೆ ತೋರಿಸಿ (ಶನಿವಾರ)

ಮೊಬೈಲ್‌ನಲ್ಲಿ ಮುದ್ರಿಸಿಕೊಂಡು ಕೇಳಿ. ಉಸಿರು ಸಾಲದ ವಾಕ್ಯಗಳನ್ನು ಮುರಿಯಿರಿ. ಹದಿನೈದು ನಿಮಿಷ ಮೀರಿದರೆ ಪೀಠಿಕೆಯನ್ನು ಕತ್ತರಿಸಿ, ಸುವಾರ್ತೆಯ ಭಾಗವನ್ನು ಮುಟ್ಟಬೇಡಿ. 'ನೀತಿವಂತನೆಂಬ ನಿರ್ಣಯ', 'ದೋಷಪರಿಹಾರ' ಮುಂತಾದವು ನಮಗೆ ರೂಢಿಯ ಮಾತುಗಳು. ಹೊಸದಾಗಿ ಸಭೆಗೆ ಬಂದ ಸೊಸೆಗೆ ಅಲ್ಲ. ಒಂದು ಸಲ ಬಿಡಿಸಿ ಹೇಳಿ ಮುಂದೆ ಹೋಗಿ.

ಬೆಳಿಗ್ಗೆಯೇ ಪ್ರತಿಯನ್ನು ಸಭಾಪಾಲಕರಿಗೆ ಕಳುಹಿಸಿ. ರಾತ್ರಿ ಹನ್ನೊಂದಕ್ಕೆ ಕಳುಹಿಸಿದರೆ 'ಚೆನ್ನಾಗಿದೆ' ಎಂಬುದಲ್ಲದೆ ಬೇರೆ ಉತ್ತರ ಬರುವುದಿಲ್ಲ.

ಆರಾಧನಾ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ. ಆರಾಧನೆಯ ಮೊದಲಲ್ಲೇ ಪಾಪ ಅರಿಕೆ, ಕ್ಷಮೆಯ ಘೋಷಣೆ ಇರುತ್ತವೆ. ಅಂದರೆ ಸಭೆ ಸುಂಕದವನ ಪ್ರಾರ್ಥನೆಯನ್ನು ಪ್ರಸಂಗಕ್ಕೆ ಮುಂಚೆಯೇ ಮಾಡಿರುತ್ತದೆ. ಪ್ರಸಂಗದಲ್ಲಿ ಅದನ್ನು ನೆನಪಿಸಿ, ದೂರದ ಉದಾಹರಣೆ ಬೇಕಾಗುವುದಿಲ್ಲ. ಆದರೆ ಕ್ಷಮೆಯ ಘೋಷಣೆಯನ್ನು ಅಭಿಷೇಕ ಹೊಂದದವರು ಯಾವ ರೂಪದಲ್ಲಿ ಓದಬೇಕೆಂಬುದಕ್ಕೆ ಒಂದೊಂದು ಸಭೆಯಲ್ಲಿ ಒಂದೊಂದು ಕ್ರಮವಿದೆ. ಸಭಾಪಾಲಕರು ಗುರುತು ಹಾಕಿಕೊಟ್ಟದ್ದನ್ನೇ ಓದಿ, ಪೀಠದಲ್ಲಿ ನಿಂತು ಹೊಸದನ್ನು ಹುಟ್ಟಿಸಬೇಡಿ.

## ಹಂತ 10: ಭಾನುವಾರ ಮತ್ತು ಅನಂತರ

ವಾಕ್ಯಪಾಠವನ್ನು ನಿಧಾನವಾಗಿ ಓದಿ. ಅನೇಕರಿಗೆ ನೆನಪಿನಲ್ಲಿ ಉಳಿಯುವುದು ಅದೇ. ಪ್ರಸಂಗವನ್ನು 'ನಾನೇನೂ ಕಲಿತವನಲ್ಲ, ತಪ್ಪಿದ್ದರೆ ಕ್ಷಮಿಸಿ' ಎಂದು ಶುರುಮಾಡಬೇಡಿ. ಈ ವಾಕ್ಯಭಾಗದ ಮೇಲಂತೂ ಅದು ನಗೆಪಾಟಲು. ಬರೆದದ್ದು ಮುಗಿದ ಕಡೆ ಮುಗಿಸಿ. 'ಕೊನೆಯದಾಗಿ ಒಂದು ಮಾತು' ಎಂದು ಸೇರಿಸುವ ಮಾತು ನೂರಕ್ಕೆ ತೊಂಬತ್ತು ಸಲ ಕೆಂಪು ಗೆರೆಯದ್ದೇ.

ಬಾಗಿಲಲ್ಲಿ 'ಒಳ್ಳೆಯ ಪ್ರಸಂಗ ಬ್ರದರ್, ಅವರಿಗೆ ಸರಿಯಾಗಿ ಮುಟ್ಟಿಸಿದಿರಿ' ಎಂದು ಯಾರಾದರೂ ಕೈ ಕುಲುಕಿದರೆ ಹಂತ 5ರಲ್ಲಿ ಏನೋ ತಪ್ಪಿದೆ ಎಂದರ್ಥ. ಯಾರೂ ಏನೂ ಹೇಳದೆ ಹೋದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಒಬ್ಬರು ಕಾದು ನಿಂತು, ಜನ ಚದುರಿದ ಮೇಲೆ 'ಇದು ನನಗೂ ಅನ್ವಯಿಸುತ್ತದೆಯೇ, ನಾನು ಮಾಡಿದ್ದು ಗೊತ್ತಾದರೆ ನೀವು ಹೀಗೆ ಹೇಳುತ್ತಿರಲಿಲ್ಲ' ಎನ್ನಬಹುದು. ಆಗ ಬುದ್ಧಿಮಾತು ಬೇಡ, ವಿವರಗಳನ್ನು ಕೆದಕುವುದೂ ಬೇಡ. ಪ್ರಸಂಗದ ನೀಲಿ ಗೆರೆಯ ವಾಕ್ಯವನ್ನು ಅವರ ಹೆಸರು ಹಿಡಿದು ಮತ್ತೊಮ್ಮೆ ಹೇಳಿ. ಲೂಥರನ್ ಸಭೆಯಲ್ಲಿ ಖಾಸಗಿ ಪಾಪ ಅರಿಕೆ ಇಂದಿಗೂ ಇದೆ ಎಂದು ತಿಳಿಸಿ, ಅವರು ಒಪ್ಪಿದರೆ ಸಭಾಪಾಲಕರೊಡನೆ ಮಾತನಾಡಲು ದಿನ ಗೊತ್ತುಮಾಡಿಕೊಡಿ. ಕೇಳಿದ್ದನ್ನು ಮನೆಯಲ್ಲಿ ಹೆಂಡತಿಗಾಗಲಿ ಗಂಡನಿಗಾಗಲಿ ಹೇಳಬೇಡಿ. ಆದರೆ ಯಾರದ್ದಾದರೂ ಪ್ರಾಣಕ್ಕೆ ಅಥವಾ ಮಗುವಿಗೆ ಅಪಾಯವಿರುವ ಮಾತು ಕಿವಿಗೆ ಬಿದ್ದರೆ ಅದನ್ನು ಗುಟ್ಟಾಗಿಡಲಾಗುವುದಿಲ್ಲವೆಂದು ಅವರಿಗೇ ಹೇಳಿ, ಅದೇ ದಿನ ಸಭಾಪಾಲಕರ ಗಮನಕ್ಕೆ ತನ್ನಿ.

ಹಸ್ತಪ್ರತಿಯ ಮೇಲೆ ದಿನಾಂಕ, ವಾಕ್ಯಭಾಗ, ಹಂತ 7ರ ಆ ಒಂದು ವಾಕ್ಯ ಬರೆದು ಫೈಲಿಗೆ ಹಾಕಿ. ಮೂರು ವರ್ಷದ ಪಟ್ಟಿಯಾದರೆ ಮೂರು ವರ್ಷಗಳ ನಂತರ ಇದೇ ಪಾಠ ಮತ್ತೆ ಬರುತ್ತದೆ. ಆಗ ಹಳೆಯ ಪ್ರಸಂಗವನ್ನೇ ಓದುವ ಆಸೆಯಾದರೆ ಕ್ರಿಯಾಪದಗಳ ಪುಟವನ್ನು ಮಾತ್ರ ಹೊರತೆಗೆದು, ಉಳಿದದ್ದನ್ನು ಫೈಲಿನಲ್ಲೇ ಬಿಟ್ಟು, ಹಂತ 3ರಿಂದ ಮತ್ತೆ ಶುರುಮಾಡಿ.